ಪಂಪು ಕೆಟ್ಟರೆ ಅವತ್ತೇ ರಿಪೇರಿ, ಹೆಗಲು ಕೆಟ್ಟರೆ?

ಎರಡು ವರ್ಷದ ಹಿಂದೆ, ಆಷಾಢದ ಒಂದು ಬೆಳಿಗ್ಗೆ ಅಂಗಿ ಹಾಕಿಕೊಳ್ಳೋಕೆ ಹೋದೆ. ಬಲಗೈ ಸಲೀಸಾಗಿ ತೋಳಿಗೆ ಹೋಯ್ತು, ಎಡಗೈ ಹೋಗಲಿಲ್ಲ. ಭುಜದ ಮಟ್ಟಕ್ಕೆ ಎತ್ತುವಷ್ಟರಲ್ಲಿ ಯಾರೋ ಒಳಗಡೆ ಚೂರಿ ತಿರುವಿದ ಹಾಗಾಯ್ತು. ಅವ್ವ ನೋಡಿ, "ವಾಯು ಹಿಡ್ಕೊಂಡದೆ ಕಣ್ಲಾ, ಬಿಸಿನೀರು ಹುಯ್ಕೊ" ಅಂದ್ರು. ಪಕ್ಕದ ಮನೆ ಮಾವ ಬಂದು, "ಉಳುಕು, ಇವತ್ತೇ ತೆಗೆಸು" ಅಂದ್ರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಮೆಡಿಕಲ್ ಸ್ಟೋರಿನಿಂದ ಎರಡು ಮಾತ್ರೆ ತಂದು ನುಂಗಿ, ಅದೇ ಮಧ್ಯಾಹ್ನ ಪಂಪು ಬೆನ್ನಿಗೆ ಹಾಕ್ಕೊಂಡು ಟೊಮೆಟೊಗೆ ಔಷಧಿ ಹೊಡೆಯೋಕೆ ಹೋದೆ.

ಅದೇ ವಾರ ಪಂಪಿನ ವಾಷರ್ ಹೋಗಿ ಲಿವರ್ ಬಿಗಿಯಾಯ್ತು. ಬೈಕ್ ಹತ್ತಿ ಮಳವಳ್ಳಿಗೆ ಹೋಗಿ ಅವತ್ತೇ ವಾಷರ್ ಹಾಕಿಸ್ಕೊಂಡು ಬಂದೆ. ಹೆಗಲನ್ನ ಡಾಕ್ಟರಿಗೆ ತೋರಿಸಿದ್ದು ಮಾತ್ರ ಐದು ತಿಂಗಳ ಮೇಲೆ. ಈ ವಾರದ ಲೇಖನ ಆ ಐದು ತಿಂಗಳ ಬಗ್ಗೆ.

ನನ್ನ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀನಿ. ರೈತನ ಹೆಗಲು ನೋವು ವಯಸ್ಸಿನಿಂದ ಬರೋದು ಕಡಿಮೆ, ವಾಯುವಿನಿಂದ ಬರೋದೇ ಇಲ್ಲ. ಬಹಳಷ್ಟು ಸಲ ಅದು ನಾವು ಕೆಲಸ ಮಾಡುವ ರೀತಿಯಿಂದ ಬರುತ್ತೆ. ಹಾಗಾಗಿ ಮಾತ್ರೆ ಬದಲಾಯಿಸೋಕೆ ಮುಂಚೆ ಕೆಲಸದ ರೀತಿ ಬದಲಾಯಿಸಬೇಕು. ಇದನ್ನ ಹೇಳೋಕೆ ಮೊದಲು ಹೆಗಲು ಹೇಗಿದೆ ಅಂತ ಸ್ವಲ್ಪ ನೋಡಬೇಕು.

ಒರಳಲ್ಲಿ ಕೂತ ಗುಂಡು, ತಟ್ಟೆ ಮೇಲಿನ ನಿಂಬೆಹಣ್ಣು

ನಮ್ಮ ಸೊಂಟದ ಕೀಲು ಒರಳುಕಲ್ಲಿನಲ್ಲಿ ಕೂತ ಗುಂಡಿನ ಹಾಗೆ. ಗುಳಿ ಆಳವಾಗಿದೆ, ಗುಂಡು ಆಚೀಚೆ ಜಾರಲ್ಲ. ಹೆಗಲು ಹಾಗಲ್ಲ. ರಟ್ಟೆ ಮೂಳೆಯ ತುದಿ ಗುಂಡಗಿದೆ, ಅದು ಕೂರುವ ಗುಳಿ ಮಾತ್ರ ಬಹಳ ಚಪ್ಪಟೆ. ತಟ್ಟೆ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದಕ್ಕೇ ಕೈಯನ್ನ ಮೇಲೆ, ಹಿಂದೆ, ಸುತ್ತ, ಎಲ್ಲಾ ಕಡೆ ತಿರುಗಿಸೋಕಾಗುತ್ತೆ. ಮೈಯಲ್ಲಿ ಇಷ್ಟು ಓಡಾಡುವ ಕೀಲು ಇನ್ನೊಂದಿಲ್ಲ. ಓಡಾಟ ಜಾಸ್ತಿ ಆದ ಕಡೆ ಭದ್ರತೆ ಕಡಿಮೆ.

ಹಾಗಾದರೆ ಆ ನಿಂಬೆಹಣ್ಣು ಜಾರದೆ ನಿಂತಿರೋದು ಹೇಗೆ? ಗೊನೆ ಬಿಟ್ಟ ಬಾಳೆಗೆ ಗಾಳಿಗೆ ಬೀಳದ ಹಾಗೆ ನಾಲ್ಕು ಕಡೆ ಹಗ್ಗ ಕಟ್ತೀವಲ್ಲ, ಹಾಗೆ ನಾಲ್ಕು ಸಣ್ಣ ಸ್ನಾಯುಗಳು ಅದನ್ನ ಹಿಡಿದಿವೆ. ಈ ನಾಲ್ಕಕ್ಕೂ ಸೇರಿ ಡಾಕ್ಟರುಗಳು ರೊಟೇಟರ್ ಕಫ್ ಅಂತಾರೆ. ಮೇಲಿನ ಹಗ್ಗ ಸುಪ್ರಾಸ್ಪೈನೇಟಸ್, ಕೈಯನ್ನ ಪಕ್ಕಕ್ಕೆ ಎತ್ತೋಕೆ ಶುರು ಮಾಡೋದು ಇದು. ಹಿಂದಿನ ಎರಡು ಹಗ್ಗ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಇವು ಕೈಯನ್ನ ಹೊರಗೆ ತಿರುಗಿಸ್ತವೆ. ಮುಂದಿನ ಹಗ್ಗ ಸಬ್‌ಸ್ಕ್ಯಾಪುಲಾರಿಸ್, ಇದು ಒಳಗೆ ತಿರುಗಿಸುತ್ತೆ.

ಇವುಗಳ ಮೇಲೆ ದೊಡ್ಡ ಸ್ನಾಯುಗಳಿವೆ. ಭುಜದ ಮೇಲೆ ದುಂಡಗೆ ಕಾಣೋದು ಡೆಲ್ಟಾಯ್ಡ್. ಕತ್ತಿನಿಂದ ಹೆಗಲಿಗೆ ಇಳಿಜಾರಾಗಿ ಬರೋದು ಟ್ರೆಪೀಜಿಯಸ್, ಪಂಪಿನ ಪಟ್ಟಿ ಕೂರೋದು ಇದರ ಮೇಲೇ. ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯ ಹಾಗಿರುವ ಮೂಳೆಯನ್ನ ಹಿಡಿದು ಹಿಂದಕ್ಕೆ ಎಳೆಯೋದು ರಾಂಬಾಯ್ಡ್. ಅದೇ ಮೂಳೆಯನ್ನ ಪಕ್ಕೆಲುಬಿಗೆ ಅಂಟಿಸಿಕೊಂಡು ಮುಂದಕ್ಕೆ ಜರುಗಿಸೋದು ಸೆರಾಟಸ್ ಆಂಟೀರಿಯರ್. ದೊಡ್ಡವು ಟ್ರ್ಯಾಕ್ಟರ್ ಇದ್ದ ಹಾಗೆ, ಎಳೆಯೋ ಶಕ್ತಿ ಅವುಗಳದ್ದು. ಆದರೆ ದಿಕ್ಕು ತಪ್ಪದ ಹಾಗೆ ಹಿಡಿಯೋದು ಆ ನಾಲ್ಕು ಸಣ್ಣ ಹಗ್ಗಗಳು. ನಾವು ಮೈ ಬೆಳೆಸಿದ್ದೀವಿ ಅಂತ ತೋರಿಸ್ಕೊಳ್ಳೋದು ಟ್ರ್ಯಾಕ್ಟರನ್ನ, ಸವೆಯೋದು ಮಾತ್ರ ಹಗ್ಗ.

ಸುಪ್ರಾಸ್ಪೈನೇಟಸ್‌ನ ಕಷ್ಟ ಇನ್ನೂ ಜಾಸ್ತಿ. ಅದು ಮೂಳೆಗೆ ಅಂಟುವ ಹುರಿ ಇನ್ನೊಂದು ಮೂಳೆಯ ಸೂರಿನ ಕೆಳಗೆ ಹಾದು ಬರುತ್ತೆ. ಕೈ ಹೆಗಲಿನ ಮಟ್ಟ ದಾಟಿ ಮೇಲೆ ಹೋದಾಗ ಅಲ್ಲಿ ಜಾಗ ಇಕ್ಕಟ್ಟಾಗುತ್ತೆ. ಬಾವಿ ರಾಟೆಯ ಅಂಚಿಗೆ ತಾಗಿದ ಹಗ್ಗ ದಿನಾ ಎಳೆದೂ ಎಳೆದೂ ಎಳೆ ಎಳೆಯಾಗಿ ಬಿಚ್ಚಿಕೊಳ್ಳೋದನ್ನ ಹಳೆಯವರು ನೋಡಿರ್ತಾರೆ. ಇಲ್ಲೂ ಹಾಗೇ. ಕೈ ಅರ್ಧಕ್ಕೆ ಎತ್ತಿದಾಗ ನೋವು, ಪೂರ್ತಿ ಎತ್ತಿದ ಮೇಲೆ ಸ್ವಲ್ಪ ಆರಾಮ, ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಎಚ್ಚರ. ಈ ಮೂರೂ ಇದ್ದರೆ ಆ ಹುರಿಗೆ ಏಟಾಗಿರುವ ಸಾಧ್ಯತೆ ಜಾಸ್ತಿ. ನನಗೆ ಮೂರೂ ಇತ್ತು.

ಯಾವ ಕೆಲಸ ಯಾವ ಸ್ನಾಯುವಿಗೆ

ಮೊದಲು ಪಂಪಿನ ಲೆಕ್ಕ. ಬೆನ್ನಿಗೆ ಹಾಕುವ ಪಂಪು 16 ಲೀಟರಿನದ್ದು. ನೀರೇ 16 ಕೆಜಿ, ಪಂಪಿನ ತೂಕ ಸೇರಿ 20 ದಾಟುತ್ತೆ. ಎಕರೆಗೆ 200 ಲೀಟರ್ ದ್ರಾವಣ ಅಂದರೆ ಹನ್ನೆರಡು ಹದಿಮೂರು ಟ್ಯಾಂಕು. ಅಂದರೆ 20 ಕೆಜಿಯನ್ನ ನೆಲದಿಂದ ಎತ್ತಿ ಬೆನ್ನಿಗೆ ಹಾಕ್ಕೊಳ್ಳೋದು ಹದಿಮೂರು ಸಲ. ಒಂದು ದಿನ ಕೂತು ಎಣಿಸಿದೆ: ಒಂದು ಟ್ಯಾಂಕು ಖಾಲಿಯಾಗೋಕೆ ಎಡಗೈ ಲಿವರನ್ನ ಸುಮಾರು 250 ಸಲ ಮೇಲೆ ಕೆಳಗೆ ಮಾಡುತ್ತೆ. ಎಕರೆಗೆ ಮೂರು ಸಾವಿರ ಸಲ ದಾಟ್ತು. ಪಟ್ಟಿ ಸಡಿಲವಾಗಿ ಪಂಪು ಕೆಳಗೆ ಜೋತು ಬಿದ್ದಿದ್ದರೆ ಕೈ ಹಿಂದಕ್ಕೆ ಹೋಗಿ ಲಿವರ್ ಎಳೆಯಬೇಕು. ನಾಝಲ್ ಕಟ್ಟಿಕೊಂಡಿದ್ದರೆ, ವಾಷರ್ ಒಣಗಿದ್ದರೆ, ಪ್ರತಿ ಸಲವೂ ಎರಡರಷ್ಟು ಜೋರು ಬೇಕು. ನನ್ನ ಎಡಹೆಗಲು ಹೋಗಿದ್ದು ಹೀಗೆ. ಬಲಗೈ ಲಾನ್ಸ್ ಹಿಡಿದುಕೊಂಡು ಹಾಯಾಗಿತ್ತು.

ಎಳನೀರು ಕೀಳುವ ದೋಟಿ ಇನ್ನೊಂದು. ಮದ್ದೂರು ಮಾರ್ಕೆಟ್ಟಿಗೆ ಲೋಡು ಕಳಿಸುವ ದಿನ ಬೆಳಿಗ್ಗೆಯಿಂದ ಎರಡೂ ಕೈ ತಲೆ ಮೇಲೆ, ಕತ್ತು ಹಿಂದಕ್ಕೆ. ಡೆಲ್ಟಾಯ್ಡ್ ಸುಸ್ತಾಗುತ್ತೆ, ಆಮೇಲೆ ಎಲ್ಲ ಭಾರ ಆ ಸಣ್ಣ ಹಗ್ಗಗಳ ಮೇಲೆ ಬೀಳುತ್ತೆ. ಹುಲ್ಲಿನ ಮೆದೆ ಒಟ್ಟುವಾಗ ಕೆಳಗೆ ನಿಂತು ಕಂತೆ ಎಸೆಯುವವನದ್ದೂ ಇದೇ ಕತೆ. ಎಸೆಯುವ ಜೋರಿನಲ್ಲಿ ರಟ್ಟೆಯ ಮುಂದಿನ ಬೈಸೆಪ್ಸ್‌ನ ಹುರಿಗೂ ಏಟು. ಹೆಗಲಿನ ಮುಂಭಾಗ ಒತ್ತಿದರೆ ನೋವು ಅನ್ನುವವರು ಇದನ್ನ ನೆನಪಿಟ್ಟುಕೊಳ್ಳಿ.

ರೇಷ್ಮೆ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರೋದು, ಮೇಲಿನ ಅಂತಸ್ತಿಗೆ ಸೊಪ್ಪು ಹಾಕೋದು. ಐದನೇ ಹಂತದ ಹುಳಕ್ಕೆ ಸೊಪ್ಪು ಎಷ್ಟು ಹಾಕಿದರೂ ಸಾಲಲ್ಲ, ಆ ವಾರ ಮನೆಯವರ ಹೆಗಲು ಕೇಳೋ ಹಾಗಿಲ್ಲ. ಕಬ್ಬಿನ ಹೊರೆ ಹೊತ್ತು ಹಲಗೆ ಮೇಲೆ ನಡೆದು ಲಾರಿಗೆ ಹಾಕುವವರ ಬಗ್ಗೆ ನಾನು ಹೇಳಬೇಕಿಲ್ಲ. ತಲೆ ಮೇಲೆ ಸಿಂಬೆ ಇಟ್ಟು ಭಾರ ಹೊತ್ತಾಗ ಕೈ ಮೇಲೆ ಹೋಗಿ ಹಿಡಿದೇ ಇರುತ್ತೆ. ಟ್ರೆಪೀಜಿಯಸ್, ಅದರ ಕೆಳಗಿನ ಲೆವೇಟರ್ ಸ್ಕ್ಯಾಪುಲೆ ಎರಡೂ ಗಂಟು ಕಟ್ಟಿಕೊಳ್ಳುತ್ತವೆ. ಕತ್ತಿನ ಬುಡದಲ್ಲಿ ಒತ್ತಿದರೆ ತಲೆವರೆಗೂ ನೋವು ಹೋಗೋದು ಇದರಿಂದ.

ಕಳೆ ಕೀಳುವ ಕೆಲಸದಲ್ಲಿ ಭಾರ ಇಲ್ಲ, ಆದರೆ ಬಿಡುವೂ ಇಲ್ಲ. ಬಗ್ಗಿ ಕೂತು, ಕೈ ಮುಂದೆ ಚಾಚಿ, ದಿನವಿಡೀ ಒಂದೇ ರೀತಿ ಎಳೆಯೋದು. ಬೆನ್ನಿನ ರೆಕ್ಕೆ ಮೂಳೆಗಳು ಮುಂದಕ್ಕೆ ಜಾರಿ ಅಲ್ಲೇ ನಿಂತುಬಿಡುತ್ತವೆ. ರಾಂಬಾಯ್ಡ್ ಎಳೆದ ರಬ್ಬರಿನ ಹಾಗೆ ಸಡಿಲ. ಇನ್ನು ರಾತ್ರಿ ಊಟ ಆದ ಮೇಲೆ ಹಾಸಿಗೇಲಿ ಬಿದ್ದು ಒಂದು ಗಂಟೆ ಮೊಬೈಲು ನೋಡೋದು. ಹಗಲು ಕಳೆ ಕಿತ್ತ ಭಂಗಿಯನ್ನೇ ರಾತ್ರಿನೂ ಮುಂದುವರಿಸಿದ ಹಾಗೆ. ಇದನ್ನ ಓದ್ತಾ ಇರುವಾಗಲೂ ಒಂದು ಸಲ ಗಲ್ಲ ಎತ್ತಿ, ಹೆಗಲು ಹಿಂದಕ್ಕೆ ತಗೊಳ್ಳಿ.

ಅವ್ವನ ಹೆಗಲು ಬೇರೆ ಕತೆ

ನನ್ನದು ವಾಸಿಯಾಗ್ತಾ ಇರುವಾಗ ಅವ್ವನಿಗೆ ಶುರುವಾಯ್ತು. ಜಡೆ ಹಾಕ್ಕೊಳ್ಳೋಕೆ ಕೈ ಹಿಂದಕ್ಕೆ ಹೋಗ್ತಿರಲಿಲ್ಲ. ನನ್ನ ಹಾಗೆ ಕೆಲಸದ ನೋವು ಅಂದುಕೊಂಡೆ. ಆದರೆ ಒಂದು ವ್ಯತ್ಯಾಸ ಇತ್ತು. ನನ್ನ ಕೈಯನ್ನ ನಾನು ಎತ್ತೋಕೆ ಆಗ್ತಿರಲಿಲ್ಲ, ಬೇರೆಯವರು ನಿಧಾನಕ್ಕೆ ಎತ್ತಿದರೆ ಮೇಲೆ ಹೋಗ್ತಿತ್ತು. ಅವ್ವನ ಕೈಯನ್ನ ಯಾರು ಎತ್ತಿದರೂ ಹೋಗ್ತಿರಲಿಲ್ಲ. ತುಕ್ಕು ಹಿಡಿದ ಗೇಟಿನ ಹಾಗೆ ಒಂದು ಮಟ್ಟಕ್ಕೆ ಬಂದು ನಿಲ್ತಿತ್ತು. ಇದಕ್ಕೆ ಫ್ರೋಝನ್ ಶೋಲ್ಡರ್ ಅಂತಾರೆ. ಕೀಲಿನ ಸುತ್ತ ಇರುವ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತೆ. ನಲವತ್ತರಿಂದ ಅರವತ್ತು ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ ಇರುವವರಿಗೆ ಬರುವ ಸಂಭವ ಇನ್ನೂ ಹೆಚ್ಚು.

ಡಾಕ್ಟರು ಮೊದಲು ಕೇಳಿದ್ದೇ ಅದು: "ಶುಗರ್ ಚೆಕ್ ಮಾಡಿಸಿದ್ದೀರಾ?" ಮಾಡಿಸಿರಲಿಲ್ಲ. ಮಾಡಿಸಿದಾಗ ಇತ್ತು. ಎಷ್ಟು ದಿನದಿಂದ ಇತ್ತೋ. ಹೆಗಲು ಕೆಟ್ಟಿದ್ದರಿಂದ ಸಕ್ಕರೆ ಸಿಕ್ಕಿತು. ಹೆಗಲು ಬಿಗಿಯಾಗಿದ್ದರೆ ಒಂದು ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಈಗ ಕಂಡವರಿಗೆಲ್ಲ ಹೇಳೋದು ಅದಕ್ಕೆ.

ಫ್ರೋಝನ್ ಶೋಲ್ಡರ್‌ಗೆ ಮೂರು ಹಂತ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನಕ್ಕೆ ಬಿಡುತ್ತೆ. ಎಲ್ಲಾ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ಈ ಕಾಯಿಲೆಗೆ ಉಳುಕು ತೆಗೆಯೋರ ಹತ್ತಿರ ಹೋಗಿ ಜೋರಾಗಿ ತಿರುಗಿಸಿದರೆ ನೋವು ಇನ್ನೂ ಕೆರಳುತ್ತೆ. ಮೊದಲ ಹಂತದಲ್ಲಿ ಮೂಳೆ ಡಾಕ್ಟರು ಕೀಲಿನೊಳಗೆ ಒಂದು ಇಂಜೆಕ್ಷನ್ ಕೊಟ್ಟರೆ ಅನುಕೂಲ ಆಗೋದುಂಟು, ಆದರೆ ಅದು ಸ್ಟೆರಾಯ್ಡ್. ಸಕ್ಕರೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತೆ. ಮೊದಲೇ ಹೇಳಬೇಕು.

ಹೆಗಲು ನೋಯುತ್ತೆ, ಕಾಯಿಲೆ ಬೇರೆಲ್ಲೋ

ನಾನು ಕೊನೆಗೂ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಮಾಡಿಸಿದ್ದು ಇಸಿಜಿ. ನೋವು ಎಡಹೆಗಲಲ್ಲಿದ್ದ ಕಾರಣಕ್ಕೆ. ನನ್ನದು ಹೃದಯದ್ದಲ್ಲ ಅಂತ ಗೊತ್ತಾಯ್ತು, ಆದರೆ ಅವರು ಹೇಳಿದ ಪಟ್ಟಿಯನ್ನ ಇಲ್ಲಿ ಬರೀತೀನಿ.

- ಎದೆ ಹಿಂಡಿದ ಹಾಗಾಗಿ ಹೆಗಲು, ತೋಳು, ದವಡೆಗೆ ನೋವು ಹರಡಿದರೆ, ಬೆವರು, ಉಸಿರು ಕಟ್ಟಿದ ಹಾಗಿದ್ದರೆ: ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.
- ಕತ್ತು ತಿರುಗಿಸಿದಾಗ ನೋವು ಜಾಸ್ತಿಯಾಗಿ, ಬೆರಳವರೆಗೂ ಜೋಮು ಹಿಡಿದರೆ: ತೊಂದರೆ ಕತ್ತಿನ ಮೂಳೆಗಳ ನಡುವೆ ಇರಬಹುದು.
- ಎಣ್ಣೆ ಊಟ ಆದ ಮೇಲೆ ಹೊಟ್ಟೆಯ ಬಲಮೇಲ್ಭಾಗದ ಜೊತೆ ಬಲಹೆಗಲೂ ನೋಯುತ್ತಿದ್ದರೆ: ಪಿತ್ತಕೋಶದಲ್ಲಿ ಕಲ್ಲಿರಬಹುದು.
- ಮರದಿಂದ, ಬೈಕಿನಿಂದ ಬಿದ್ದ ಮೇಲೆ ಕೈ ಎತ್ತೋಕೇ ಆಗದಿದ್ದರೆ, ಭುಜದ ಆಕಾರ ಬದಲಾಗಿದ್ದರೆ: ಕೀಲು ತಪ್ಪಿರಬಹುದು, ಹುರಿ ಪೂರ್ತಿ ಹರಿದಿರಬಹುದು. ಎಳೆದು ಕೂರಿಸೋಕೆ ಯಾರಿಗೂ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.
- ಜ್ವರದ ಜೊತೆ ಹೆಗಲು ಊದಿ ಕೆಂಪಾಗಿದ್ದರೆ: ಕೀವು ಇರಬಹುದು, ಕಾಯಬಾರದು.

ಇವು ಯಾವುವೂ ಅಲ್ಲದಿದ್ದರೆ, ಎರಡು ಮೂರು ವಾರ ಕೆಲಸ ಬದಲಾಯಿಸಿದರೂ ನೋವು ಹೋಗದಿದ್ದರೆ, ಮೂಳೆ ಡಾಕ್ಟರಿಗೆ ತೋರಿಸಿ. ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ಬರೋಕೆ ಒಂದು ದಿನ ಬೇಕು. ಸ್ಕ್ಯಾನಿನಲ್ಲಿ ಸಣ್ಣದಾಗಿ ಹರಿದಿದೆ ಅಂತ ಬಂದರೂ ಹೆದರಬೇಡಿ. ವಯಸ್ಸಾದ ಹಾಗೆ ನೋವೇ ಇಲ್ಲದವರ ಹೆಗಲಲ್ಲೂ ಹಾಗೆ ಕಾಣುತ್ತೆ. ತುಂಬ ಜನರಿಗೆ ಆಪರೇಷನ್ ಇಲ್ಲದೆ ವ್ಯಾಯಾಮದಲ್ಲೇ ಸರಿಹೋಗುತ್ತೆ.

ಮಾತ್ರೆಯ ಮೇಲೆ ನನ್ನ ಸಿಟ್ಟು

ನಾನು ಐದು ತಿಂಗಳು ಏನು ಮಾಡ್ತಿದ್ದೆ? ಔಷಧಿ ಹೊಡೆಯುವ ದಿನ ಬೆಳಿಗ್ಗೆ ಒಂದು ನೋವಿನ ಮಾತ್ರೆ. ಎರಡು ಸಲ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್. ಅಲ್ಲಿ ಯಾರೂ ನನ್ನ ಅಂಗಿ ಬಿಚ್ಚಿಸಿ ಹೆಗಲು ನೋಡಲಿಲ್ಲ, ಏನು ಕೆಲಸ ಮಾಡ್ತೀಯ ಅಂತ ಕೇಳಲಿಲ್ಲ. ತಪ್ಪು ಅವರದ್ದು ಮಾತ್ರ ಅಲ್ಲ. ನಾನೂ ಬೇಗ ಹೋಗಬೇಕಿತ್ತು, ಕರೆಂಟು ಬರೋ ಹೊತ್ತಾಗಿತ್ತು.

ಮಾತ್ರೆ ನೋವನ್ನ ತೆಗೆಯುತ್ತೆ, ಏಟನ್ನ ತೆಗೆಯಲ್ಲ. ನೋವು ಅನ್ನೋದು ಬೇಲಿ. ಬೇಲಿ ಕಿತ್ತುಹಾಕಿ ದನವನ್ನ ಪೈರಿಗೆ ಬಿಟ್ಟ ಹಾಗೆ, ನಾನು ಮಾತ್ರೆ ನುಂಗಿ ಅದೇ ಹೆಗಲಿನ ಮೇಲೆ ಹದಿಮೂರು ಟ್ಯಾಂಕು ಹೊತ್ತೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ಮಾತ್ರೆಗಳನ್ನ ಡಾಕ್ಟರು ಹೇಳಿದಷ್ಟು ದಿನ ತಗೊಂಡರೆ ಉಪಯೋಗ ಇದೆ. ತಿಂಗಳುಗಟ್ಟಲೆ ನಾವೇ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ ಏರಿಕೆ, ಕಿಡ್ನಿಗೆ ಪೆಟ್ಟು. ಬಿಸಿಲಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿಯುವ ನಮ್ಮಂಥವರ ಕಿಡ್ನಿಗೆ ಅಪಾಯ ಇನ್ನೂ ಜಾಸ್ತಿ. ದನಗಳಿಗೆ ಕೊಡುವ ಡೈಕ್ಲೋಫೆನಾಕನ್ನ ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧ ಮಾಡಿದರು. ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ಅವು ಸಾಯ್ತಿದ್ದವು ಅನ್ನೋ ಕಾರಣಕ್ಕೆ. ಹದ್ದಿಗಾದದ್ದು ಮನುಷ್ಯನಿಗೂ ಹಾಗೇ ಆಗುತ್ತೆ ಅಂತಲ್ಲ. ಆದರೆ ಪಕ್ಕದ ರಾಮನಗರದ ಬೆಟ್ಟದಲ್ಲಿ ಉಳಿದಿರುವ ಹದ್ದಿನ ಬಗ್ಗೆ ಇರುವ ಕಾಳಜಿ ನಮ್ಮ ಬಗ್ಗೆ ನಮಗೇ ಇಲ್ಲವಲ್ಲ ಅಂತ ಬೇಜಾರು.

ಸಾವಯವದವರಿಗೆ ಒಂದು ಮಾತು

ಇದನ್ನ ಹೇಳಿದರೆ ನಮ್ಮವರೇ ಬೈಯಬಹುದು, ಆದರೂ ಹೇಳ್ತೀನಿ. ನಾವು ಸಾವಯವದವರು ಮಣ್ಣಿನ ಆರೋಗ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ, ತಿನ್ನುವವರ ಆರೋಗ್ಯದ ಬಗ್ಗೆ ಮಾತಾಡ್ತೀವಿ. ದುಡಿಯುವವರ ಮೈಯ ಬಗ್ಗೆ ಮಾತಾಡಿದ್ದು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ತೋಟಗಾರಿಕೆ ಓದಿದ ನಾಲ್ಕು ವರ್ಷದಲ್ಲಿ ಗಿಡದ ಬೇರಿನಿಂದ ತುದಿವರೆಗೆ ಕಲಿಸಿದರು, ಆ ಗಿಡಕ್ಕೆ ನೀರು ಹೊರುವವನ ಬೆನ್ನು, ಹೆಗಲಿನ ಬಗ್ಗೆ ಒಂದು ತರಗತಿಯೂ ನನಗೆ ನೆನಪಿಲ್ಲ.

ಲೆಕ್ಕ ಹಾಕಿ ನೋಡಿ. ರಾಸಾಯನಿಕ ಹಾಕುವವನು ಎಕರೆಗೆ ಒಂದು ಮೂಟೆ ಗೊಬ್ಬರ ಎರಚಿ ಮನೆಗೆ ಹೋಗ್ತಾನೆ. ನಾವು ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ, ದಿನಾ ಕೋಲಿನಲ್ಲಿ ತಿರುವಿ, ಬಕೆಟ್ಟಿನಲ್ಲಿ ಹೊತ್ತು ಹಾಕ್ತೀವಿ. ತಿಂಗಳಿಗೆ ಒಂದೋ ಎರಡೋ ಸಲ. ಕೊಟ್ಟಿಗೆ ಗೊಬ್ಬರ ಗಾಡಿಗಟ್ಟಲೆ. ಕಳೆನಾಶಕ ಬೇಡ ಅಂದ ಮೇಲೆ ಕಳೆ ಕೈಯಲ್ಲೇ ಕೀಳಬೇಕು. ವಿಷ ಬಿಟ್ಟಿದ್ದು ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ವಿಷ ಬಿಟ್ಟಾಗ ಉಳಿದ ಭಾರ ಎಲ್ಲಿಗೆ ಹೋಯ್ತು? ನಮ್ಮ ಹೆಗಲಿಗೆ ಬಂತು, ಕೆಲಸಕ್ಕೆ ಬರುವ ಅಕ್ಕಂದಿರ ಹೆಗಲಿಗೆ ಬಂತು. ಆ ಭಾರವನ್ನ ಲೆಕ್ಕಕ್ಕೆ ತಗೊಳ್ಳದೆ ಶೂನ್ಯ ಬಂಡವಾಳ ಅನ್ನೋದು ಸುಳ್ಳು ಲೆಕ್ಕ.

ಮೂಟೆಯ ವಿಷಯವೂ ಹಾಗೇ. ಯೂರಿಯಾ ಮೂಟೆ 50 ಕೆಜಿಯಿಂದ 45ಕ್ಕೆ ಇಳಿದಿದ್ದು 2018ರಲ್ಲಿ. ಬಳಕೆ ಕಡಿಮೆಯಾಗಲಿ ಅಂತ ಮಾಡಿದ್ದು, ಹೊರುವವನ ಹೆಗಲಿಗಾಗಿ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದು ಅಂತ ಶಿಫಾರಸು ಮಾಡಿತ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಎಲ್ಲಾ ಅನುಕೂಲ ಇರುವಾಗಲೂ ಎತ್ತುವ ಭಾರ 23 ಕೆಜಿ ಸಾಕು ಅನ್ನುತ್ತೆ. ನಮ್ಮ ಭತ್ತದ ಮೂಟೆಯನ್ನ ತುಂಬಿ ಹೊಲಿಯೋದು ನಾವೇ. ಅದನ್ನ 60, 70 ಕೆಜಿ ಮಾಡಿ ಅಂತ ಯಾವ ಸರ್ಕಾರವೂ ಹೇಳಿಲ್ಲ. 'ಮೂಟೆ ಎತ್ತೋನೇ ಗಂಡ್ಸು' ಅನ್ನೋ ಮಾತಿಗೆ ನಾವು ಕಟ್ಟುತ್ತಿರುವ ದಂಡ ಅದು.

ನಾನು ಬದಲಾಯಿಸಿದ್ದು

ದೊಡ್ಡ ಖರ್ಚಿನದ್ದೇನೂ ಇಲ್ಲ. ಒಂದೊಂದಾಗಿ ಮಾಡಿದೆ.

1. ಪಂಪು ತುಂಬಿಸೋಕೆ ಸೊಂಟದ ಎತ್ತರದ ಕಟ್ಟೆ. ತೊಟ್ಟಿ ಪಕ್ಕದಲ್ಲಿ ಇಟ್ಟಿಗೆ ಕಟ್ಟಿ ಮೇಲೆ ಹಲಗೆ ಹಾಕಿದೆ. ಪಂಪು ಅಲ್ಲೇ ತುಂಬುತ್ತೆ, ಬೆನ್ನು ತಿರುಗಿಸಿ ಪಟ್ಟಿಗೆ ಕೈ ಹಾಕಿದರೆ ಆಯ್ತು. ನೆಲದಿಂದ ಎತ್ತಿ ಬೀಸಿ ಹಾಕ್ಕೊಳ್ಳೋದು ನಿಂತಿತು.
2. 16 ಲೀಟರ್ ಟ್ಯಾಂಕಿಗೆ 10 ಲೀಟರ್ ಮಾತ್ರ. ಸುತ್ತು ಜಾಸ್ತಿ ಆಗುತ್ತೆ, ಸಂಜೆಗೆ ಹೆಗಲು ಇರುತ್ತೆ. ಔಷಧಿ ಪ್ರಮಾಣವನ್ನ ನೀರಿಗೆ ತಕ್ಕ ಹಾಗೆ ಕಡಿಮೆ ಮಾಡೋದು ಮರೀಬೇಡಿ.
3. ಪಟ್ಟಿಗೆ ಹಳೇ ಸ್ಪಂಜು ಸುತ್ತಿ ಅಗಲ ಮಾಡಿದೆ, ಪಂಪು ಬೆನ್ನಿಗೆ ಅಂಟಿ ಕೂರುವ ಹಾಗೆ ಬಿಗಿ ಮಾಡಿದೆ. ಆಮೇಲೆ ಬ್ಯಾಟರಿ ಪಂಪು ತಗೊಂಡೆ. ಬ್ಯಾಟರಿ ಪಂಪು ಲಿವರಿನ ಕಷ್ಟ ತಪ್ಪಿಸುತ್ತೆ, ಭಾರ ತಪ್ಪಿಸಲ್ಲ ಅನ್ನೋದು ನೆನಪಿರಲಿ. ಎರಡು ಎಕರೆ ಮೇಲಿದ್ದರೆ ಪೈಪಿನ ಎಚ್‌ಟಿಪಿ ಪಂಪು ಬಾಡಿಗೆಗೆ ತರೋದು ಮೇಲು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.
4. ಜೀವಾಮೃತ ಹೊರೋದು ಬಿಟ್ಟೆ. ಡ್ರಮ್ಮನ್ನ ಎತ್ತರದಲ್ಲಿಟ್ಟು, ಎರಡು ಸಲ ಬಟ್ಟೆಯಲ್ಲಿ ಸೋಸಿ, ಹನಿ ಪೈಪಿನಲ್ಲೇ ಬಿಡ್ತೀನಿ. ನಮ್ಮೂರಿನ ಹೆಸರಿನಲ್ಲೇ ಪೂರಿಗಾಲಿ ಹನಿ ನೀರಾವರಿ ಯೋಜನೆ ಇದೆ. ಪೈಪು ನೀರು ಹೊರಬಹುದಾದರೆ ಜೀವಾಮೃತವನ್ನೂ ಹೊರಲಿ. ಬಿಟ್ಟ ಮೇಲೆ ಹತ್ತು ನಿಮಿಷ ಬರೀ ನೀರು ಹರಿಸಿ, ಇಲ್ಲದಿದ್ದರೆ ರಂಧ್ರ ಕಟ್ಟಿಕೊಳ್ಳುತ್ತೆ.
5. ದೋಟಿ ಕೆಲಸ ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲು. ಒಬ್ಬ ಕಿತ್ತರೆ ಇನ್ನೊಬ್ಬ ಆರಿಸೋದು, ಆಮೇಲೆ ಅದಲುಬದಲು. ಬುಡದಲ್ಲೇ ನಿಲ್ಲದೆ ಎರಡು ಹೆಜ್ಜೆ ಹಿಂದೆ ನಿಂತರೆ ಕತ್ತಿಗೂ ಆರಾಮ, ಕಾಯಿ ತಲೆ ಮೇಲೂ ಬೀಳಲ್ಲ.
6. ಮೆದೆ ಒಟ್ಟುವಾಗ ನೆಲದಿಂದ ಎಸೆಯೋದಿಲ್ಲ. ಟ್ರೈಲರ್ ಮೇಲೆ ಒಬ್ಬ ನಿಂತು ಕೈಯಿಂದ ಕೈಗೆ.
7. ಹೊರೆ ಹೊರುವ ದಾರಿಯಲ್ಲಿ ಚಕ್ರ. ಸೊಪ್ಪಿಗೆ ಟಿವಿಎಸ್ ಎಕ್ಸೆಲ್, ಗೊಬ್ಬರಕ್ಕೆ ಒಂಟಿ ಚಕ್ರದ ಕೈಗಾಡಿ. ಮೂಟೆಗೆ 40 ಕೆಜಿ ಮೇಲೆ ತುಂಬಲ್ಲ, ಇಬ್ಬರು ಹಿಡಿದು ಎತ್ತೋದು.
8. ಕುಡುಗೋಲು, ಮಚ್ಚು ಹರಿತವಾಗಿರಲಿ. ಮೊಂಡು ಮಚ್ಚಿನ ಕೆಲಸವನ್ನ ಹೆಗಲು ಮಾಡಬೇಕಾಗುತ್ತೆ.

ಸೈಕಲ್ ಟ್ಯೂಬಿನ ವ್ಯಾಯಾಮ

ಫಿಸಿಯೋಥೆರಪಿಯವರು ನನಗೆ ಕಲಿಸಿದ್ದು ನಾಲ್ಕು. ಜಿಮ್ ಬೇಡ, ಹಳೇ ಸೈಕಲ್ ಟ್ಯೂಬ್ ಸಾಕು.

ಒಂದು, ಜೋಲಿ. ಮೇಜು ಹಿಡಿದು ಬಗ್ಗಿ, ನೋಯುವ ಕೈಯನ್ನ ಸಡಿಲ ಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗೋದು, ಎರಡು ನಿಮಿಷ. ಎರಡು, ಗೋಡೆ ಹತ್ತೋದು. ಬೆರಳಿನಿಂದ ಗೋಡೆ ಮೇಲೆ ನಿಧಾನಕ್ಕೆ ಹತ್ತುತ್ತಾ ಹೋಗೋದು, ಹತ್ತು ಸಲ. ಮೂರು, ರೆಕ್ಕೆ ಹಿಂಡೋದು. ನೆಟ್ಟಗೆ ನಿಂತು ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನ ಹತ್ತಿರ ತಂದು ಐದು ಎಣಿಸೋದು, ಹದಿನೈದು ಸಲ. ನಾಲ್ಕು, ಟ್ಯೂಬನ್ನ ಕಂಬಕ್ಕೆ ಕಟ್ಟಿ, ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈಯನ್ನ ಹೊರಗೆ ಎಳೆಯೋದು, ಆಮೇಲೆ ಒಳಗೆ. ಹಿಂದಿನ, ಮುಂದಿನ ಹಗ್ಗಗಳನ್ನ ಗಟ್ಟಿ ಮಾಡೋದು ಇದು.

ಸ್ವಲ್ಪ ಎಳೆತ, ಸ್ವಲ್ಪ ನೋವು ಪರವಾಗಿಲ್ಲ. ರಾತ್ರಿ ನಿದ್ದೆ ಕೆಡುವಷ್ಟು ನೋವು ಬಂದರೆ ಕಡಿಮೆ ಮಾಡಿ. ಬಿದ್ದು ಏಟಾದ ಹೆಗಲಿಗೆ ಡಾಕ್ಟರಿಗೆ ತೋರಿಸದೆ ಇವನ್ನ ಮಾಡಬೇಡಿ. ವಾರದಲ್ಲಿ ಗುಣ ಸಿಗಲ್ಲ. ಸ್ನಾಯುವಿನ ಹುರಿ ನಿಧಾನಕ್ಕೆ ಕೂಡುವ ವಸ್ತು, ಮೂರು ತಿಂಗಳಾದರೂ ಬೇಕು. ಟೊಮೆಟೊ ಸಸಿ ನೆಟ್ಟು ಹಣ್ಣು ಬರುವವರೆಗೆ ಕಾಯ್ತೀವಲ್ಲ, ಹೆಚ್ಚು ಕಡಿಮೆ ಅಷ್ಟೇ ಹೊತ್ತು.

ಕೂಲಿಗೆ ಬರುವವರ ಹೆಗಲು

ನನ್ನ ಹೆಗಲು ಹೋದಾಗ ನಾನು ಮನೇಲಿ ಕೂತೆ, ತೋಟ ನೋಡ್ಕೊಳ್ಳೋಕೆ ತಮ್ಮ ಇದ್ದ. ಕಳೆಗೆ ಬರುವ ಅಕ್ಕ ಒಬ್ಬರು ಎರಡು ವರ್ಷದಿಂದ ಒಂದು ಕೈಯಲ್ಲೇ ಕೀಳ್ತಾ ಇದ್ದರು ಅನ್ನೋದು ನನಗೆ ಗೊತ್ತಾಗಿದ್ದು ನನಗೆ ನೋವು ಬಂದ ಮೇಲೆ. ಯಾಕಕ್ಕ ಹೇಳಲಿಲ್ಲ ಅಂದೆ. "ಹೇಳಿದ್ರೆ ನಾಳೆಯಿಂದ ಬರಬ್ಯಾಡ ಅಂತೀರಲ್ಲಪ್ಪ" ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಮ್ಮ ತೋಟದಲ್ಲಿ ಕಳೆ ಕೆಲಸ ಬೆಳಿಗ್ಗೆ ಪೂರ್ತಿ, ಮಧ್ಯಾಹ್ನದ ಮೇಲೆ ಬೇರೆ ಕೆಲಸ. ಸಾಲಿನ ನಡುವೆ ಸೈಕಲ್ ವೀಡರ್ ಓಡಿಸ್ತೀವಿ, ಬುಡದಲ್ಲಿ ಮಾತ್ರ ಕೈಗಳೆ. ವೀಡರಿನ ಹಿಡಿಯನ್ನ ಅವರವರ ಎತ್ತರಕ್ಕೆ ಏರಿಸಿ ಇಳಿಸೋ ಹಾಗೆ ಬೋಲ್ಟ್ ಹಾಕಿಸಿದ್ದೀವಿ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ನಮ್ಮ ದೇಶದ ರೈತರ, ರೈತ ಮಹಿಳೆಯರ ಮೈ ಅಳತೆ ತೆಗೆದು ಪುಸ್ತಕವನ್ನೇ ಮಾಡಿದೆ, ಉಪಕರಣ ಮಾಡುವವರು ನೋಡಲಿ ಅಂತ. ಆದರೂ ಅಂಗಡಿಯಲ್ಲಿ ಸಿಗುವ ಸನಿಕೆ, ಪಂಪು ಎಲ್ಲಾ ಒಂದೇ ಅಳತೆ. ಐದಡಿಯ ಅಕ್ಕನಿಗೂ ಅದೇ, ಆರಡಿಯ ನನಗೂ ಅದೇ. ಮುಂದಿನ ಸಲ ಏನಾದರೂ ಕೊಳ್ಳುವಾಗ, ಅದನ್ನ ಹಿಡಿದು ಕೆಲಸ ಮಾಡುವವರನ್ನೇ ಅಂಗಡಿಗೆ ಕರ್ಕೊಂಡು ಹೋಗಿ. ನನ್ನ ಸಲಹೆ ಇಷ್ಟೇ.

ಪಂಪಿಗೆ ಸ್ಪೇರ್ ಪಾರ್ಟ್ ಮಳವಳ್ಳಿಯಲ್ಲಿ ಸಿಗುತ್ತೆ. ಹೆಗಲಿಗೆ ಎಲ್ಲೂ ಸಿಗಲ್ಲ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮನೆಯವರನ್ನ, ಕೆಲಸಕ್ಕೆ ಬರುವವರನ್ನ ನಿಲ್ಲಿಸಿ, ಎರಡೂ ಕೈ ತಲೆ ಮೇಲೆ ಎತ್ತಿಸಿ ನೋಡಿ. ಯಾರ ಕೈ ಅರ್ಧಕ್ಕೆ ನಿಲ್ಲುತ್ತೋ ಅವರ ಕೆಲಸವನ್ನ ನಾಳೆಯಿಂದಲೇ ಬದಲಾಯಿಸಿ. ನಿಮ್ಮ ತೋಟದಲ್ಲಿ ಭಾರ ಇಳಿಸೋಕೆ ಏನಾದರೂ ಉಪಾಯ ಮಾಡಿಕೊಂಡಿದ್ದರೆ ನನಗೂ ತಿಳಿಸಿ.